ಮಾಳಿಗೆಯ ಕುಂಬಿ

“ಸಾಯಲೇಬೇಕೆಂದು ಮನಸ್ಸು ಮಾಡಿದವನನ್ನು ತಡೆಯುವವರು ಯಾರು, ಉಪದೇಶಿಗಳೇ?” ಎಂದು ನಮ್ಮ ಸಭೆಯ ಹಿರಿಯರೊಬ್ಬರು ಒಂದು ಸಾವಿನ ಮನೆಯ ಕಟ್ಟೆಯ ಮೇಲೆ ಕುಳಿತು ನಮ್ಮನ್ನು ಕೇಳಿದರು. ಒಳಗೆ ತಾಯಿ ಅಳುತ್ತಿದ್ದಳು. ಸತ್ತವನು ಅವಳ ಕಿರಿಯ ಮಗನು, ಇಪ್ಪತ್ತೆರಡು ವರುಷದವನು. ಸಂಜೆಯಲ್ಲಿ ತಂದೆಯ ಸಂಗಡ ಅಲ್ಪ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಬೆಳೆಗೆ ಹೊಡೆಯುವದಕ್ಕಾಗಿ ಮನೆಯಲ್ಲಿ ತಂದಿಟ್ಟಿದ್ದ ಔಷಧವು ರಾತ್ರಿಯಾಗುವದರೊಳಗೆ ಅವನ ಮರಣಕ್ಕೆ ಕಾರಣವಾಯಿತು. ಹಿರಿಯರ ಮಾತು ಕಠಿಣ ಹೃದಯದಿಂದ ಹುಟ್ಟಿದ್ದಲ್ಲ. ತಂದೆಯ ಮೇಲೆ ದೋಷ ಬಾರದಿರಲಿ, ತಾಯಿಯು ತನ್ನನ್ನು ತಾನೇ ನಿಂದಿಸಿಕೊಳ್ಳದಿರಲಿ ಎಂಬ ಕನಿಕರದಿಂದಲೇ ಅವರು ಹಾಗೆ ನುಡಿದರು. ನಾವೂ ತಲೆಯಾಡಿಸಿದೆವು. ಆದರೆ ಆ ಮಾತು ನಿಜವೋ ಎಂಬದನ್ನು ಆ ದಿವಸ ನಾವು ವಿಚಾರಿಸಲಿಲ್ಲ, ಅನಂತರ ವಿಚಾರಿಸಬೇಕಾಯಿತು.

ಆ ಒಂದು ಮಾತಿನಲ್ಲಿ ಎರಡು ಸಂಗತಿಗಳು ಅಡಗಿವೆ. ತನ್ನ ಪ್ರಾಣವನ್ನು ತೆಗೆದುಕೊಳ್ಳುವವನು ಗಟ್ಟಿಯಾದ, ಮುಗಿದುಹೋದ ನಿರ್ಣಯದಿಂದ ಹಾಗೆ ಮಾಡುತ್ತಾನೆಂಬದು ಒಂದು. ಹಾಗಿರುವದರಿಂದ ನೆರೆಯವರಿಗೂ ಸಭೆಗೂ ಸರಕಾರಕ್ಕೂ ಅದರಲ್ಲಿ ಹೊಣೆಯಿಲ್ಲವೆಂಬದು ಇನ್ನೊಂದು. ಮೊದಲನೆಯದು ಸುಳ್ಳಾದರೆ ಎರಡನೆಯದು ತಾನಾಗಿಯೇ ಬೀಳುತ್ತದೆ. ಇದನ್ನು ಬರೇ ತರ್ಕದಿಂದ ತೀರಿಸುವದು ಕಷ್ಟ. ಯಾಕಂದರೆ ಸತ್ತವನ ಹೃದಯವನ್ನು ಬಿಚ್ಚಿ ನೋಡುವವರು ಯಾರು? ಆದರೂ ನಮ್ಮ ದೇಶದ ದಕ್ಷಿಣಕ್ಕೆ ಸಮುದ್ರದಲ್ಲಿರುವ ಲಂಕಾದ್ವೀಪದಲ್ಲಿ ನಡೆದ ಒಂದು ವೃತ್ತಾಂತವು ಈ ಪ್ರಶ್ನೆಯ ಮೇಲೆ ಬೆಳಕು ಬೀರುತ್ತದೆ. ನಮ್ಮ ಮೈಸೂರು ಸೀಮೆಯ ಸಭೆಗಳಿಗೆ ಆ ದ್ವೀಪವು ಪರಕೀಯವಲ್ಲ. ವೆಸ್ಲಿಯನ್ ಮಿಶನರಿಗಳು ೧೮೧೪ರಲ್ಲಿ ಮೊದಲು ಇಳಿದದ್ದು ಲಂಕೆಯ ದಡದಲ್ಲಿಯೇ. ಅಲ್ಲಿಂದ ೧೮೧೭ರಲ್ಲಿ ಜೇಮ್ಸ್ ಲಿಂಚ್ ಎಂಬವರು ಮದ್ರಾಸಿಗೆ ದಾಟಿಬಂದ ಬಳಿಕವೇ ಆ ಕೆಲಸವು ಬೆಂಗಳೂರಿನ ಕಡೆಗೂ ಹಬ್ಬಿತು. ಸುವಾರ್ತೆಯು ಬಂದ ದಾರಿಯಲ್ಲಿಯೇ ಈ ಪಾಠವೂ ಬರಲಿ.

ಲಂಕೆಯು ಚಿಕ್ಕ ದೇಶ. ಭತ್ತ, ಚಹ, ತರಕಾರಿ ಬೆಳೆಯುವ ರೈತರ ನಾಡು. ೧೯೫೦ರ ಸುಮಾರಿಗೆ ಅಲ್ಲಿ ಆತ್ಮಹತ್ಯೆಯು ಅಷ್ಟಾಗಿ ಇರಲಿಲ್ಲ. ಆಮೇಲೆ ಹೊಸ ಬೀಜ, ಹೊಸ ನೀರಾವರಿ, ಹೊಸ ಬೆಳೆಯ ಪದ್ಧತಿಗಳ ಸಂಗಡ ಕೀಟನಾಶಕಗಳೂ ಹಳ್ಳಿಯ ಪ್ರತಿಯೊಂದು ಮನೆಯನ್ನು ಹೊಕ್ಕವು. ಅಂದಿನಿಂದ ೧೯೯೫ರ ವರೆಗೆ ಆತ್ಮಹತ್ಯೆಯ ಪ್ರಮಾಣವು ಎಂಟುಪಟ್ಟು ಏರಿ, ಲಕ್ಷ ಜನರಲ್ಲಿ ವರುಷಕ್ಕೆ ೪೭ ಮಂದಿ ಈ ರೀತಿಯಾಗಿ ಸಾಯುವಂತಾಯಿತು. ಭೂಲೋಕದ ಸಕಲ ದೇಶಗಳಲ್ಲಿ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಇದು ಒಂದಾಗಿತ್ತು. ಸತ್ತವರಲ್ಲಿ ಹೆಚ್ಚು ಮಂದಿ ಹಳ್ಳಿಯವರು. ಅವರ ಮರಣಕ್ಕೆ ಕಾರಣವಾದದ್ದು ಹೊಲದ ವಿಷ.

ಆ ಕಾಲದಲ್ಲಿ ಲಂಕೆಯವರೂ ನಮ್ಮ ಹಿರಿಯರ ಹಾಗೆಯೇ ಮಾತಾಡಿರಬಹುದು. ಆದರೆ ಅಲ್ಲಿಯ ಸರಕಾರದವರು ೧೯೮೦ರಲ್ಲಿ ಕೀಟನಾಶಕಗಳ ಹತೋಟಿಗಾಗಿ ಒಂದು ಕಾನೂನನ್ನು ಮಾಡಿ, ಅದರ ಮೇಲೆ ಒಬ್ಬ ಅಧಿಕಾರಿಯನ್ನು ನೇಮಿಸಿದರು. ೧೯೮೪ರಲ್ಲಿ ಪ್ಯಾರಾಥಿಯನ್, ಮಿಥೈಲ್ ಪ್ಯಾರಾಥಿಯನ್ ಎಂಬ ಎರಡು ಘೋರ ವಿಷಗಳನ್ನು ನಿಷೇಧಿಸಿದರು. ೧೯೯೫ರಲ್ಲಿ ಅದೇ ವರ್ಗಕ್ಕೆ ಸೇರಿ ಉಳಿದಿದ್ದವುಗಳನ್ನೂ, ೧೯೯೮ರಲ್ಲಿ ಎಂಡೋಸಲ್ಫಾನನ್ನೂ ತಡೆದರು. (ಈ ಕಡೆಯ ಹೆಸರನ್ನು ದಕ್ಷಿಣ ಕನ್ನಡದ ಮತ್ತು ಕಾಸರಗೋಡಿನ ನಮ್ಮ ಸಹೋದರರಿಗೆ ಹೇಳಿಕೊಡುವ ಅಗತ್ಯವಿಲ್ಲ, ನಮ್ಮ ದೇಶದಲ್ಲಿ ಅದು ನಿಂತದ್ದು ೨೦೧೧ರಲ್ಲಿ, ಸುಪ್ರೀಂ ಕೋರ್ಟಿನ ಅಪ್ಪಣೆಯಿಂದ.) ೨೦೦೮ರಿಂದ ೨೦೧೧ರ ವರೆಗಿನ ವರುಷಗಳಲ್ಲಿ ಇನ್ನು ಮೂರು ವಿಷಗಳನ್ನು ಮೆಲ್ಲಮೆಲ್ಲನೆ ತೆಗೆದುಹಾಕಿದರು.

ಏನಾಯಿತು? ೧೯೯೫ರ ಬಳಿಕ ಸಂಖ್ಯೆಯು ಇಳಿಯತೊಡಗಿತು. ೨೦೦೫ರೊಳಗೆ ಅರ್ಧವಾಯಿತು. ೨೦೧೫ರ ಹೊತ್ತಿಗೆ ನೂರರಲ್ಲಿ ಎಪ್ಪತ್ತು ಪಾಲು ಕಡಮೆಯಾಗಿತ್ತು. ಆ ಇಪ್ಪತ್ತು ವರುಷಗಳಲ್ಲಿ ಸುಮಾರು ೯೩,೦೦೦ ಪ್ರಾಣಗಳು ಉಳಿದವೆಂದು ಈ ಲೆಕ್ಕವನ್ನು ಶೋಧಿಸಿದ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಆ ದ್ವೀಪದಲ್ಲಿ ಅಷ್ಟರಲ್ಲಿ ದುಃಖವು ತೀರಿಹೋಯಿತೋ? ಇಲ್ಲವೇ ಇಲ್ಲ. ೧೯೮೩ರಿಂದ ೨೦೦೯ರ ವರೆಗೆ ಅಲ್ಲಿ ಅಂತರ್ಯುದ್ಧವು ನಡೆಯಿತು. ೨೦೦೪ನೇ ದಶಂಬರ ೨೬ರಂದು ಸಮುದ್ರವೇ ಉಕ್ಕಿಬಂದು ಮೂವತ್ತು ಸಾವಿರಕ್ಕಿಂತ ಹೆಚ್ಚು ಜನರನ್ನು ಒಯ್ದಿತು. ಸಾಲ, ಕುಡಿಕತನ, ಗಂಡಹೆಂಡರ ಜಗಳ ಯಾವದೂ ನಿಲ್ಲಲಿಲ್ಲ. ಇನ್ನೂ ಗಮನಿಸತಕ್ಕದ್ದೇನಂದರೆ, ವಿಷ ಸೇವಿಸಿ ಆಸ್ಪತ್ರೆಗೆ ಬರುವವರ ಸಂಖ್ಯೆಯೂ ಸಾವುಗಳ ಹಾಗೆ ಇಳಿಯಲಿಲ್ಲ. ಜನರು ಮೊದಲಿನಂತೆಯೇ ಸಂಕಟಪಟ್ಟರು. ಆದರೆ ಸಾಯದೆ ಬದುಕಿ ಮನೆಗೆ ಹಿಂತಿರುಗಿದರು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಹುಡುಕುವರೆಂದು ಹೇಳುವವರಿದ್ದಾರಲ್ಲಾ, ಅವರ ಮಾತಿನಂತೆ ಬೇರೆ ರೀತಿಯ ಸಾವುಗಳು ಅದೇ ಪ್ರಮಾಣದಲ್ಲಿ ಏರಬೇಕಾಗಿತ್ತು. ಹಾಗೆ ಏರಲಿಲ್ಲ.

ರೈತನಾಗಿರುವ ವಾಚಕನು ಇಲ್ಲಿ ಬೆಳೆಯ ಗತಿಯೇನೆಂದು ಕೇಳುವನು, ಕೇಳುವದು ನ್ಯಾಯವೇ. ಈ ನಿಷೇಧಗಳಿಂದ ಭತ್ತದ ಹುಟ್ಟುವಳಿ ಕಡಮೆಯಾಗಲಿಲ್ಲವೆಂದು ಲೆಕ್ಕ ನೋಡಿದವರು ಕಂಡುಕೊಂಡರು. ಯಾಕಂದರೆ ಮನುಷ್ಯನಿಗೆ ಅಷ್ಟು ಘೋರವಲ್ಲದ ಬೇರೆ ಔಷಧಗಳು ಅವರಿಗೆ ದೊರೆತವು. ೨೦೨೧ರಲ್ಲಿ ಲಂಕೆಯ ಸರಕಾರವು ರಾಸಾಯನಿಕ ಗೊಬ್ಬರಗಳನ್ನೂ ಔಷಧಗಳನ್ನೂ ಒಂದೇ ಏಟಿಗೆ ನಿಲ್ಲಿಸಿ, ಬೆಳೆ ಕೆಟ್ಟು, ಅದೇ ವರುಷ ಆ ಅಪ್ಪಣೆಯನ್ನು ಹಿಂತೆಗೆದುಕೊಂಡಿತು. ಅದು ಬೇರೆ ಸಂಗತಿ. ಒಂದನ್ನು ಇನ್ನೊಂದರೊಡನೆ ಬೆರಸಬಾರದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ದ್ವೀಪದ ಆಸ್ಪತ್ರೆಗಳಲ್ಲಿ ಬದುಕಿ ಉಳಿದವರನ್ನು ವೈದ್ಯರು ಮೆಲ್ಲಗೆ ವಿಚಾರಿಸಿದಾಗ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಕೆಲಸಕ್ಕೆ ಮುಂಚೆ ಅರ್ಧ ತಾಸಾದರೂ ಆಲೋಚಿಸಿರಲಿಲ್ಲವೆಂದು ತಿಳಿದುಬಂತು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು, ಅಷ್ಟೇ. ಅರ್ಧ ತಾಸು! ನಮ್ಮ ಹಳ್ಳಿಯಲ್ಲಿ ಒಂದು ಎತ್ತನ್ನು ಕೊಳ್ಳಬೇಕಾದರೂ ನಾವು ಮೂರು ಸಂತೆ ತಿರುಗಿ ಹಲ್ಲು ನೋಡುತ್ತೇವೆ. ಅರ್ಧ ತಾಸಿನ ಕತ್ತಲೆಯಲ್ಲಿ ಕೋಪದಿಂದಲೋ ನಾಚಿಕೆಯಿಂದಲೋ ಕಣ್ಣು ಮುಚ್ಚಿದವನು ಮಾಡಿದ್ದಕ್ಕೆ ನಿರ್ಣಯವೆಂದು ಹೆಸರಿಡಬಹುದೋ? ನಿರ್ಣಯವೆಂಬದು ಮನುಷ್ಯನು ಮರುದಿನವೂ ನನ್ನದೆಂದು ಒಪ್ಪುವಂಥಾದ್ದು. ಇವರಲ್ಲಿ ಎಷ್ಟೋ ಮಂದಿ ಮರುದಿನ ಎಚ್ಚತ್ತಾಗ ತಾವು ಬದುಕಿದ್ದಕ್ಕೆ ಅತ್ತರೆಂದು ಆಸ್ಪತ್ರೆಯಲ್ಲಿ ದುಡಿದವರು ಹೇಳುವರು.

ಮೋಶೆಯ ಧರ್ಮೋಪದೇಶಕಾಂಡದ ೨೨ನೇ ಅಧ್ಯಾಯದಲ್ಲಿ ಒಂದು ಚಿಕ್ಕ ಆಜ್ಞೆಯುಂಟು. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಕುಂಬಿಯನ್ನು ಕಟ್ಟತಕ್ಕದ್ದು. ಕಟ್ಟದೆ ಬಿಟ್ಟು ಯಾರಾದರೂ ಅಲ್ಲಿಂದ ಬಿದ್ದರೆ ರಕ್ತಾಪರಾಧವು ಆ ಮನೆಗೆ ತಗಲುವದೆಂದು ಅದರ ಭಾವ. ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬೇಸಗೆಯ ರಾತ್ರಿ ಮೇಲೆ ಮಲಗುವ ನಮ್ಮ ಬಯಲುಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಬೇಕಾಗಿಲ್ಲ. ಇಲ್ಲಿ ದೇವರು ಬಿದ್ದವನನ್ನು ಎಚ್ಚರವಿಲ್ಲದೆ ಯಾಕೆ ನಡೆದೆ ಎಂದು ಕೇಳುವದಿಲ್ಲ. ಮನೆಯ ಯಜಮಾನನನ್ನು ನೀನು ಯಾಕೆ ಕಟ್ಟಲಿಲ್ಲವೆಂದು ಕೇಳುತ್ತಾನೆ.

ಆ ಆಜ್ಞೆಯು ಕಾಲು ಜಾರಿದವನ ವಿಷಯವಾಗಿ ಹೇಳಿದ್ದೇ ಹೊರತು ಹಾರಿದವನ ವಿಷಯವಾಗಿ ಅಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ದೇವಜ್ಞಾನ ಶಾಲೆಯಲ್ಲಿ ಓದುವಾಗ ನಾವೇ ಹಾಗೆ ಆಕ್ಷೇಪಿಸುತ್ತಿದ್ದೆವು. ಆದರೆ ಲಂಕೆಯ ಸಂಗತಿಯನ್ನು ತಿಳಿದ ಮೇಲೆ, ಹಾರಿದರೆಂದು ನಾವು ಎಣಿಸಿದವರಲ್ಲಿ ಹೆಚ್ಚಿನವರು ಜಾರಿದವರಿಗೇ ಸಮೀಪವೆಂದು ಹೇಳದೆ ಗತಿಯಿಲ್ಲ. ಅವರ ಮನಸ್ಸು ಜಾರಿತು; ಜಾರಿದ ಸ್ಥಳದಲ್ಲಿ ಕುಂಬಿ ಇರಲಿಲ್ಲ. ಇನ್ನು ಕೆಲವರು ದೀರ್ಘಕಾಲದ ಮನೋವ್ಯಾಧಿಯಿಂದ ತಿಂಗಳುಗಟ್ಟಲೆ ಮರಣವನ್ನೇ ಧ್ಯಾನಿಸುವವರುಂಟು. ಅವರದು ಅರ್ಧ ತಾಸಿನ ವಿಷಯವಲ್ಲ. ಆದರೆ ಜ್ವರದಲ್ಲಿ ಬಡಬಡಿಸುವವನ ಮಾತನ್ನು ನಾವು ಅವನ ಸ್ವಂತ ಮಾತೆಂದು ಹಿಡಿಯದಿರುವಾಗ, ರೋಗದಿಂದ ಕುಗ್ಗಿದ ಮನಸ್ಸಿನ ಆಶೆಯನ್ನು ಮಾತ್ರ ಅವನ ಸ್ವತಂತ್ರ ಚಿತ್ತವೆಂದು ಯಾಕೆ ಹಿಡಿಯಬೇಕು? ಯಾವ ಗೋಡೆಗೂ ನಿಲ್ಲದವರು ಕೆಲವರು ಇರಬಹುದು. ಅವರಿದ್ದಾರೆಂದು ಉಳಿದವರ ಮಾಳಿಗೆಗೆ ಕುಂಬಿ ಬೇಡವೆಂದು ಯಾರೂ ಹೇಳಲಾರರು.

ಇದರಿಂದ ನಾವು ಪಾಪವನ್ನು ಹಗುರ ಮಾಡುತ್ತೇವೆಂದು ವಾಚಕರು ತಿಳಿಯಬಾರದು. ಪ್ರಾಣವು ನಮ್ಮ ಸೊತ್ತಲ್ಲ. ಕೊಟ್ಟವನು ಬೇರೆ ಇದ್ದಾನೆ. ನರಹತ್ಯದ ವಿಷಯವಾದ ಆಜ್ಞೆಯು ಸ್ವಂತ ಪ್ರಾಣಕ್ಕೂ ಸಲ್ಲುವದೆಂದು ಪೂರ್ವದಲ್ಲಿ ಆಗಸ್ಟೀನರು ಬರೆದದ್ದನ್ನು ನಾವು ಒಪ್ಪುತ್ತೇವೆ. ಆದರೆ ಆ ಉಪದೇಶವನ್ನು ಹಿಡಿದುಕೊಂಡು ಸಭೆಯವರು ಮಾಡಿದ್ದೇನು? ಬದುಕಿರುವವನಿಗೆ ಕುಂಬಿ ಕಟ್ಟುವದನ್ನು ಬಿಟ್ಟು, ಸತ್ತವನಿಗೆ ಗೋರಿಯ ಬಾಗಿಲನ್ನು ಮುಚ್ಚಿದರು. ೧೬೬೨ರ ಇಂಗ್ಲಿಷ್ ಪ್ರಾರ್ಥನಾಪುಸ್ತಕದಲ್ಲಿ ತಮ್ಮ ಮೇಲೆ ತಾವೇ ಕೈಮಾಡಿಕೊಂಡವರಿಗೆ ಶವಸಂಸ್ಕಾರದ ಕ್ರಮವನ್ನು ಉಪಯೋಗಿಸಕೂಡದೆಂಬ ವಿಧಿಯಿತ್ತು. ಕಾನೂನು ಮಾಡುವವರೂ ಅದೇ ಮನಸ್ಸಿನಿಂದ ಬದುಕಿ ಉಳಿದವನನ್ನು ಅಪರಾಧಿಯೆಂದು ಎಣಿಸಿದರು. ಲಂಕೆಯಲ್ಲಿ ಆ ಕಾನೂನು ೧೯೯೮ರಲ್ಲಿ ರದ್ದಾಯಿತು. ನಮ್ಮ ದೇಶದಲ್ಲಿ ೨೦೧೭ರ ಮಾನಸಿಕ ಆರೋಗ್ಯದ ಕಾನೂನು ಅಂಥವನನ್ನು ಮಹಾಸಂಕಟದಲ್ಲಿದ್ದವನೆಂದು ಭಾವಿಸಿ, ಶಿಕ್ಷಿಸದೆ ಆರೈಕೆಮಾಡತಕ್ಕದ್ದೆಂದು ವಿಧಿಸುತ್ತದೆ. ಲೋಕದ ನ್ಯಾಯಸ್ಥಾನವು ನಮಗಿಂತ ಮುಂಚಿತವಾಗಿ ಕರುಣೆಯನ್ನು ಕಲಿತದ್ದು ನಮಗೆ ನಾಚಿಕೆಯ ವಿಷಯ.

ವೇದದಲ್ಲಿ ದಾವೀದನ ಆಲೋಚನಾಕರ್ತನಾಗಿದ್ದ ಅಹೀತೋಫೆಲನ ಕಥೆಯನ್ನು ಓದಿರಿ. ಅವನು ದ್ರೋಹಿಯಾದನು, ತನ್ನ ಆಲೋಚನೆ ನಡೆಯದೆ ಹೋದಾಗ ಮನೆಗೆ ಬಂದು ಪ್ರಾಣ ಕಳಕೊಂಡನು. ಆದರೂ ಅವನನ್ನು ಅವನ ತಂದೆಯ ಸಮಾಧಿಯಲ್ಲಿ ಹೂಣಿಟ್ಟರೆಂದು ಸಮುವೇಲನ ಎರಡನೆಯ ಪುಸ್ತಕದಲ್ಲಿ ಬರೆದದೆ. ಬೇಲಿಯ ಹೊರಗೆ ಹೂಣಿಟ್ಟರೆಂದು ಬರೆದಿಲ್ಲ.

ಇಲ್ಲಿ ನಮ್ಮ ತಪ್ಪನ್ನು ಮುಚ್ಚಿಡಲಾರೆವು. ಮೇಲೆ ಹೇಳಿದ ಹುಡುಗನ ಮಣ್ಣಿನ ದಿವಸ ನಾವು ಮನೆಯಲ್ಲಿ ಒಂದು ಚಿಕ್ಕ ಪ್ರಾರ್ಥನೆಯನ್ನು ಮಾಡಿದೆವು. ದೇವಾಲಯದ ಗಂಟೆಯನ್ನು ಬಾರಿಸಲಿಲ್ಲ. ಗೋರಿಯ ಹತ್ತಿರ ಅಧ್ಯಾಯವನ್ನು ಓದಲಿಲ್ಲ. ಹಾಗೆ ಮಾಡಬಾರದೆಂದು ನಮಗೆ ಯಾರೂ ಆಜ್ಞಾಪಿಸಿರಲಿಲ್ಲ. ಜನರು ಏನೆನ್ನುವರೋ ಎಂಬ ಭಯವೇ ಸಾಕಾಯಿತು. ಮೂರು ದಿವಸಗಳಾದ ಮೇಲೆ ತಾಯಿಯು ಬಂದು, “ಅಯ್ಯಾ, ಎಲ್ಲರಿಗೂ ಓದುವದನ್ನು ನನ್ನ ಮಗನಿಗೆ ಯಾಕೆ ಓದಲಿಲ್ಲ?” ಎಂದು ಕೇಳಿದಳು. ನಾವು ಶಾಲೆಯಲ್ಲಿ ಕಲಿತ ಒಂದು ಉತ್ತರವನ್ನು ಕೊಟ್ಟೆವು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ಆಮೇಲೆ ಬಹಳ ದಿವಸ ಆರಾಧನೆಗೆ ಬರಲಿಲ್ಲ. ಬರಲಿಲ್ಲವೆಂದು ನಾವು ಆಕೆಯನ್ನು ದೂರುವ ಹಾಗಿರಲಿಲ್ಲ.

ಚಾಡ್ ವಾರಾ ಎಂಬ ಇಂಗ್ಲೆಂಡಿನ ಪಾದ್ರಿಯು ನಮಗಿಂತ ಒಳ್ಳೆಯ ಪಾಠವನ್ನು ಒಂದು ಗೋರಿಯ ಬಳಿಯಲ್ಲಿ ಕಲಿತನು. ೧೯೩೫ರಲ್ಲಿ ಅವನು ಎಳೆಯ ಸಹಾಯಕ ಪಾದ್ರಿಯಾಗಿದ್ದಾಗ ಒಬ್ಬ ಚಿಕ್ಕ ಹುಡುಗಿಯ ಶವವನ್ನು ಮಣ್ಣುಮಾಡಬೇಕಾಯಿತು. ಅವಳು ಮೊದಲನೆಯ ಸಾರಿ ಮುಟ್ಟಾದಾಗ ತನಗೆ ಯಾವದೋ ನಾಚಿಕೆಯ ರೋಗ ತಗಲಿತೆಂದು ತಿಳಿದು, ಕೇಳುವದಕ್ಕೆ ಒಬ್ಬರೂ ಇಲ್ಲದೆ ಪ್ರಾಣ ಬಿಟ್ಟಿದ್ದಳು. ಒಬ್ಬ ಅಕ್ಕನೋ ಅತ್ತೆಯೋ ಎರಡು ಮಾತು ಹೇಳಿದ್ದರೆ ಉಳಿಯುತ್ತಿದ್ದಳು! ೧೯೫೩ರಲ್ಲಿ ಅವನು ಲಂಡನಿನ ತನ್ನ ದೇವಾಲಯದಲ್ಲಿ ಒಂದು ಟೆಲಿಫೋನನ್ನಿಟ್ಟು, ಸಾಯಬೇಕೆನ್ನುವವರು ತನ್ನ ಸಂಗಡ ಮಾತಾಡಲಿ ಎಂದು ಪ್ರಕಟಿಸಿದನು. ಬಂದವರು ಕಾಯುತ್ತಿರುವಾಗ ಚಹ ಕೊಟ್ಟು ಕೂಡಿಸುವದಕ್ಕೆ ಕೆಲವು ಸಾಧಾರಣ ಜನರು ಸಹಾಯಕ್ಕೆ ನಿಂತರು. ಅವರಲ್ಲಿ ಹೇಳಿಕೊಂಡೇ ಎಷ್ಟೋ ಮಂದಿ ಹಗುರವಾಗಿ, ಪಾದ್ರಿಯನ್ನು ನೋಡದೆ ಹೊರಟುಹೋದದ್ದನ್ನು ಅವನು ಕಂಡು, ಆ ಕೆಲಸವನ್ನು ಅವರಿಗೇ ಒಪ್ಪಿಸಿದನು. ಪಾದ್ರಿಗಳೂ ಉಪದೇಶಿಗಳೂ ಇದನ್ನು ಎರಡು ಸಾರಿ ಓದುವದು ಒಳ್ಳೇದು.

ಅದೇ ರೀತಿಯ ಒಂದು ಸಂಘವು ಲಂಕೆಯಲ್ಲಿ ೧೯೭೪ರಲ್ಲಿ ಹುಟ್ಟಿತು. ಅದನ್ನು ಆರಂಭಿಸಿದವರು ಜೋನ್ ಡಿ ಮೆಲ್ ಎಂಬ ಸ್ತ್ರೀ. ಅದರ ಹೆಸರು ಸುಮಿತ್ರಯೋ. ಕನ್ನಡಿಗನಿಗೆ ಅದನ್ನು ಭಾಷಾಂತರಿಸಿ ಹೇಳಬೇಕಾಗಿಲ್ಲ. ಅವರು ಉಪದೇಶ ಮಾಡುವದಿಲ್ಲ, ಮತವನ್ನು ಕೇಳುವದಿಲ್ಲ, ಹೇಳಿದ್ದನ್ನು ಹೊರಗೆ ಬಿಡುವದಿಲ್ಲ, ಕುಳಿತು ಕೇಳುತ್ತಾರೆ. ಹಳ್ಳಿಗಳಿಗೂ ಹೋಗಿ ಮನೆಮನೆಯಲ್ಲಿ ಈ ಸ್ನೇಹವನ್ನು ಮಾಡಿದ್ದಾರೆ. ಸುವಾರ್ತೆಯನ್ನು ಹೇಳದೆ ಬರೇ ಕೇಳುವದು ಕ್ರೈಸ್ತರಿಗೆ ತಕ್ಕದ್ದೋ ಎಂದು ನಮ್ಮಲ್ಲಿ ಕೆಲವರು ಸಂದೇಹಪಡುವರು. ಯೋಬನ ಸ್ನೇಹಿತರು ಏಳು ದಿವಸ ಅವನ ಬಳಿಯಲ್ಲಿ ನೆಲದ ಮೇಲೆ ಬಾಯಿ ಬಿಡದೆ ಕುಳಿತರು. ಅಷ್ಟರ ವರೆಗೆ ಅವರಲ್ಲಿ ತಪ್ಪು ಕಾಣುವದಿಲ್ಲ. ಬಾಯಿ ತೆರೆದ ಮೇಲೆಯೇ ಕೆಡಿಸಿದರು.

ಎಲೀಯನ ವಿಷಯವೂ ಹಾಗೆಯೇ. ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಅವನು ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ಪ್ರಾಣವನ್ನು ತೆಗೆದುಕೋ ಎಂದು ಬೇಡಿಕೊಂಡನು. ಕರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನು ಇಳಿಸಿದ ಪ್ರವಾದಿಯೇ ಇವನು! ಮನಸ್ಸು ಕುಗ್ಗುವದು ಅವಿಶ್ವಾಸಿಗಳಿಗೆ ಮಾತ್ರವೆಂದು ಹೇಳುವವರು ಇವನನ್ನು ಎಲ್ಲಿಡುವರು? ದೇವರು ಕಳುಹಿಸಿದ ದೂತನು ಅವನನ್ನು ಗದರಿಸಲಿಲ್ಲ, ನಂಬಿಕೆ ಸಾಲದೆಂದು ಹೇಳಲಿಲ್ಲ. ನಿದ್ದೆ ಮಾಡಗೊಟ್ಟನು, ತಟ್ಟಿ ಎಬ್ಬಿಸಿದನು, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಮತ್ತೆ ಮಲಗಿಸಿ, ಮತ್ತೆ ಉಣಿಸಿದನು. ಬೆಟ್ಟದ ಮೇಲಣ ಸಂಭಾಷಣೆಯು ಆಮೇಲಿನದು. ದೇಹಕ್ಕೂ ಮನಸ್ಸಿಗೂ ಬೇಕಾದ ಆರೈಕೆಯನ್ನು ದೇವರು ಕೀಳೆಂದು ಎಣಿಸಲಿಲ್ಲ. ಹೀಗಿರಲಾಗಿ, ಮನೋವ್ಯಾಧಿಯಿಂದ ನರಳುವವನಿಗೆ ದೆವ್ವ ಹಿಡಿಯಿತೆಂದು ಹೇಳಿ ರಾತ್ರಿಯೆಲ್ಲಾ ನಿದ್ದೆಗೆಡಿಸಿ ಪ್ರಾರ್ಥಿಸುವದೂ, ವೈದ್ಯನು ಕೊಟ್ಟ ಗುಳಿಗೆಯನ್ನು ನಂಬಿಕೆಯ ಕೊರತೆಯೆಂದು ಬಿಡಿಸುವದೂ ಯಾವ ನ್ಯಾಯ? ಮಲೇರಿಯಕ್ಕೆ ಗುಳಿಗೆ ನುಂಗಿ ದೇವರನ್ನು ಸ್ತುತಿಸುವ ನಾವು ಇದಕ್ಕೂ ಹಾಗೆಯೇ ಮಾಡಬಹುದು. ಸುನಾಮಿಯ ತರುವಾಯ, ೨೦೦೫ರಲ್ಲಿ, ಲಂಕೆಯವರು ಮನಸ್ಸಿನ ವೈದ್ಯವು ರಾಜಧಾನಿಯ ಬಳಿಯ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಇರದೆ ಜಿಲ್ಲೆಜಿಲ್ಲೆಗೂ ದೊರೆಯತಕ್ಕದ್ದೆಂದು ಗೊತ್ತುಮಾಡಿದರು. ನಮ್ಮ ದೇಶದಲ್ಲಿಯೂ ೨೦೨೨ರಿಂದ ೧೪೪೧೬ ಎಂಬ ನಂಬರಿಗೆ ಹಣವಿಲ್ಲದೆ ಫೋನು ಮಾಡಿ, ಹಗಲುರಾತ್ರಿ, ಕನ್ನಡದಲ್ಲಿಯೇ ಮಾತಾಡಬಹುದು. ಅದರ ಹೆಸರು ಟೆಲಿ ಮನಸ್. ಈ ನಂಬರನ್ನು ದೇವಾಲಯದ ಬಾಗಿಲಿನ ಮೇಲೆ ಬರೆದಿಡುವದಕ್ಕೆ ಯಾವ ಸಭಾಕೂಟದ ಅಪ್ಪಣೆಯೂ ಬೇಡ.

ಇನ್ನು ಮನೆಯ ಕುಂಬಿಯ ಮಾತು. ವಿಷವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಕೆಂದು ನಾವೂ ಮೊದಲು ನೆನಸಿದ್ದೆವು. ಲಂಕೆಯ ಅನುರಾಧಪುರದ ಸೀಮೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ೧೮೦ ಹಳ್ಳಿಗಳನ್ನು ಆರಿಸಿಕೊಂಡು, ಅರ್ಧದಷ್ಟು ಹಳ್ಳಿಗಳ ರೈತರಿಗೆ ಬೀಗದ ಪೆಟ್ಟಿಗೆಗಳನ್ನು ಕೊಟ್ಟು, ಉಳಿದವರಿಗೆ ಕೊಡದೆ, ಕೆಲವು ವರುಷ ಲೆಕ್ಕವಿಟ್ಟರು. ೨೦೧೭ರಲ್ಲಿ ಪ್ರಕಟವಾದ ಫಲವೇನಂದರೆ, ಎರಡು ಕಡೆಗೂ ವ್ಯತ್ಯಾಸವೇ ಕಾಣಲಿಲ್ಲ. ಬೀಗದ ಕೈ ಮನೆಯಲ್ಲಿಯೇ ಇರುತ್ತದಲ್ಲವೇ? ಘೋರ ವಿಷವು ಊರಿನಲ್ಲಿಯೇ ಇಲ್ಲದಂತೆ ಮಾಡಿದ್ದು ಫಲಿಸಿತು, ಪೆಟ್ಟಿಗೆ ಫಲಿಸಲಿಲ್ಲ. ಆದಕಾರಣ ಅತಿ ಘೋರವಾದದ್ದನ್ನು ಕೊಳ್ಳದಿರುವದು, ಬೇಕಾದ ದಿವಸ ಬೇಕಾದಷ್ಟನ್ನೇ ತರುವದು, ಮಿಕ್ಕದ್ದನ್ನು ಮನೆಯಲ್ಲಿ ಇಡದಿರುವದು, ಇವೇ ನಮ್ಮ ಕೈಯಲ್ಲಿರುವ ಕುಂಬಿ. ಮಾರುವದನ್ನು ತಡೆಯುವದು ಸರಕಾರದ ಕೆಲಸ. ಅದಕ್ಕಾಗಿ ಬೇಡಿಕೊಳ್ಳುವದು ನಮ್ಮ ಕೆಲಸ.

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಗದರಿಸಿ ಮುಚ್ಚಬಾರದು, ಬೆದರಿಕೆಯೆಂದು ನಗಬಾರದು. ಹಾಗೆ ನೆನಸುತ್ತೀಯೋ ಎಂದು ನೆಟ್ಟಗೆ ಕೇಳಿದರೆ ಆ ಯೋಚನೆಯು ಬೆಳೆಯುವದಿಲ್ಲ. ಎಷ್ಟೋ ಸಾರಿ ಕೇಳಿದವನ ಮುಂದೆಯೇ ಅದು ಸಡಿಲುತ್ತದೆ. ಆ ರಾತ್ರಿ ಅವನನ್ನು ಒಬ್ಬನೇ ಬಿಡದೆ ಮಗ್ಗುಲಲ್ಲಿ ಮಲಗಿರಿ, ಬೆಳಿಗ್ಗೆ ವೈದ್ಯನ ಬಳಿಗೆ ಕರಕೊಂಡು ಹೋಗಿರಿ. ಫಿಲಿಪ್ಪಿಯ ಸೆರೆಮನೆಯ ಯಜಮಾನನು ಮಧ್ಯರಾತ್ರಿಯಲ್ಲಿ ಕತ್ತಿ ಹಿರಿದಾಗ ಪೌಲನು ಪ್ರಸಂಗ ಮಾಡಲಿಲ್ಲ. ನಿನಗೆ ಕೇಡು ಮಾಡಿಕೊಳ್ಳಬೇಡ, ನಾವೆಲ್ಲರೂ ಇಲ್ಲಿಯೇ ಇದ್ದೇವೆಂಬ ಭಾವದ ಒಂದು ಕೂಗನ್ನು ಕತ್ತಲೆಯೊಳಗಿಂದ ಕೂಗಿದನು. ರಕ್ಷಣೆಯ ಮಾರ್ಗವನ್ನು ಆ ಮನುಷ್ಯನು ಕೇಳಿದ್ದು ಆಮೇಲೆ; ಮೊದಲು ದೀಪವನ್ನು ತರಿಸಿದನು.

ಕಳೆದ ಸುಗ್ಗಿಯ ಕಾಲದಲ್ಲಿ ನಾವು ಆ ತಾಯಿಯ ಮನೆಗೆ ಹೋಗಿ, ನಮ್ಮ ತಪ್ಪನ್ನು ಹೇಳಿ, ಅವಳು ಒಪ್ಪಿದ ಮೇಲೆ ಗೋರಿಯ ಬಳಿಯಲ್ಲಿ ಆ ಅಧ್ಯಾಯವನ್ನು ಓದಿದೆವು. ತಂದೆಯೂ ಬಂದು ದೂರದಲ್ಲಿ ನಿಂತಿದ್ದನು. ಹಿಂದಿರುಗುವಾಗ ಆ ಹಿರಿಯರು ನಮ್ಮ ಸಂಗಡ ನಡೆದರು. ದಾರಿಯಲ್ಲಿ ನಾವು ಲಂಕೆಯ ಈ ಸಂಗತಿಯನ್ನೆಲ್ಲಾ ಅವರಿಗೆ ಹೇಳಿದೆವು. ಅವರು ಹೆಚ್ಚು ಮಾತಾಡಲಿಲ್ಲ. ತಮ್ಮ ಮನೆಯ ಬಾಗಿಲಿಗೆ ಬಂದಾಗ ನಿಂತು, “ನಮ್ಮ ಅಟ್ಟದ ಮೇಲೆಯೂ ಹೋದ ವರುಷದ್ದು ಅರ್ಧ ಡಬ್ಬಿ ಉಳಿದಿದೆ, ಸೊಸೆ ಯಾಕೋ ನಾಲ್ಕು ದಿವಸದಿಂದ ಸರಿಯಾಗಿ ಉಣ್ಣುತ್ತಿಲ್ಲ” ಎಂದರು. ಅದನ್ನು ಬಾವಿಗೋ ಹಳ್ಳಕ್ಕೋ ಸುರಿಯಬೇಡಿರಿ, ರೈತ ಸಂಪರ್ಕ ಕೇಂದ್ರದವರನ್ನು ವಿಚಾರಿಸೋಣ ಎಂದೆವು. ಬೆಳಗಾಗುವ ತನಕ ಅವರು ಕಾಯಲಿಲ್ಲ. ಕಂದೀಲನ್ನು ಹಚ್ಚಿಕೊಂಡು ಏಣಿ ಹತ್ತಿ, ಡಬ್ಬಿಯನ್ನು ಇಳಿಸಿ ನಮ್ಮ ಕೈಗೆ ಕೊಟ್ಟರು. ಆಮೇಲೆ ಅಡಿಗೆಮನೆಯ ಕಡೆಗೆ ಹೋಗಿ, “ಮಗಳೇ, ಬಾ, ಇಲ್ಲಿ ಕೂತುಕೋ” ಎಂದು ಸೊಸೆಯನ್ನು ಕರೆದರು.